ಬಿದ್ದ ಮರದ ಹಿಡಿ

ಅರಿಜೋನಾದ ಟೂಸಾನ್ ಊರಿನ ನನ್ನ ಗ್ಯಾರೇಜಿನ ಕಪಾಟಿನಲ್ಲಿ ಒಂದು ಮರದ ತುಂಡಿದೆ. ಐದು ಇಂಚು ಉದ್ದ, ಒಂದೂವರೆ ಇಂಚು ಅಗಲ, ಒಂದು ಇಂಚು ದಪ್ಪ. ಬಕೆಟ್ ನೀರಿಗೆ ಹಾಕಿದರೆ ಕಲ್ಲಿನ ಹಾಗೆ ತಳ ಸೇರುತ್ತದೆ. ಇಲ್ಲಿಯವರು ಇದನ್ನು ಡೆಸರ್ಟ್ ಐರನ್‌ವುಡ್ ಎನ್ನುತ್ತಾರೆ. ಗಡಿಯಾಚೆಯ ಮೆಕ್ಸಿಕೋದಲ್ಲಿ ಪಾಲೊ ಫಿಯೆರೊ. ಅಮೆರಿಕ ಮತ್ತು ಮೆಕ್ಸಿಕೋ ಹಂಚಿಕೊಂಡಿರುವ ಸೊನೋರನ್ ಮರುಭೂಮಿಯೇ ಇದರ ತವರು. ಸಸ್ಯ ಕುಟುಂಬ ನೋಡಿದರೆ ನಮ್ಮ ಹೊಂಗೆ, ಬೀಟೆ, ತೊಗರಿಗಳ ನೆಂಟ. ಇನ್ನೊಂದು ತಿಂಗಳಲ್ಲಿ ಈ ತುಂಡು ಅಡುಗೆಮನೆಯ ಚೂರಿಯೊಂದಕ್ಕೆ ಹಿಡಿಯಾಗುತ್ತದೆ.

ಈ ಮರವನ್ನು ಯಾರೂ ಕಡಿದಿಲ್ಲ. ಊರಾಚೆ ಒಬ್ಬರ ಜಮೀನಿನ ಒಣ ಹಳ್ಳದಲ್ಲಿ ಅದು ತಾನಾಗಿ ಸತ್ತು, ಬಿದ್ದು, ಎಷ್ಟೋ ಬೇಸಿಗೆ ಬಿಸಿಲು ಕಾದಿತ್ತು. ಅರಿಜೋನಾದ ಸಸ್ಯ ರಕ್ಷಣೆ ಕಾನೂನಿನ ಪಟ್ಟಿಯಲ್ಲಿ ಈ ಮರ ಇರುವುದರಿಂದ ಮಾಲೀಕರು ಕಾಗದ ಮಾಡಿಸಿಯೇ ಕೊಟ್ಟರು. ಹೊರಗಿನ ಬಿಳಿ ಭಾಗವನ್ನೆಲ್ಲ ಹುಳ ತಿಂದಿತ್ತು. ಒಳಗಿನ ಗಟ್ಟಿ ಚೇಗನ್ನು ಮಾತ್ರ ಮುಟ್ಟಿರಲಿಲ್ಲ. ಗರಗಸ ಹಾಕಿದ ಮೇಲೆ ಕಂಡಿತು: ಕಾಫಿ ಕಷಾಯದ ಬಣ್ಣ, ನಡುನಡುವೆ ಜೇನಿನ ಎಳೆ.

ಹಿಡಿಯ ಮರ ಹುಡುಕುವವರು ಮೊದಲು ಬಣ್ಣ ಕೇಳುತ್ತಾರೆ, ಆಮೇಲೆ ಬೆಲೆ. ನಾನೂ ಹಾಗೇ ಇದ್ದೆ. ಈಗ ಮೊದಲು ಕೇಳುವುದು ಒಂದೇ: ಈ ಮರ ಹೇಗೆ ಸತ್ತಿತು?

ಈ ಪ್ರಶ್ನೆ ಹುಟ್ಟಿದ ದಿನ ಚೆನ್ನಾಗಿ ನೆನಪಿದೆ. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಮರದ ಅಂಗಡಿಗೆ ಹೋಗಿದ್ದೆ. 'ಎಕ್ಸೋಟಿಕ್' ಎಂದು ಬರೆದ ಗೂಡಿನಲ್ಲಿ ಮಧ್ಯ ಅಮೆರಿಕದ ಕೊಕೊಬೋಲೊ, ತಾಂಜಾನಿಯಾದ ಬ್ಲ್ಯಾಕ್‌ವುಡ್, ಸುರಿನಾಮ್ ಕಡೆಯ ಸ್ನೇಕ್‌ವುಡ್. ಅವುಗಳ ಪಕ್ಕದಲ್ಲಿ ನೇರಳೆ ಛಾಯೆಯ ಕಂದು ತುಂಡುಗಳು, 'ಈಸ್ಟ್ ಇಂಡಿಯನ್ ರೋಸ್‌ವುಡ್' ಎಂಬ ಚೀಟಿ. ಉಗುರಿನಿಂದ ಕೆರೆದು ಮೂಸಿದೆ. ಮೂಡಿಗೆರೆ ಕಡೆಯ ನಮ್ಮ ಮನೆಯ ಜಗಲಿಯಲ್ಲಿದ್ದ ಅಜ್ಜನ ಮಂಚದ ವಾಸನೆ. ಬೀಟೆ! ನನಗೆ ಮನೆಯ ಮರ, ಅಲ್ಲಿ ಅದು ಪರದೇಶದ ವಿಚಿತ್ರ. ಎಲ್ಲಿಂದ ಬಂತು ಎಂದು ಕೇಳಿದೆ. ಜಾವಾ ದ್ವೀಪದಲ್ಲೂ ಬೀಟೆ ಬೆಳೆಸುತ್ತಾರೆ, ಹಾಗಾಗಿ ಕೇಳಬೇಕಾದ ಪ್ರಶ್ನೆಯೇ ಅದು. ಅಂಗಡಿಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಕಾನೂನು ಈ ಪ್ರಶ್ನೆಯನ್ನು ತನ್ನದೇ ರೀತಿಯಲ್ಲಿ ಕೇಳುತ್ತದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದಲ್ಲಿ ಬ್ರೆಜಿಲ್‌ನ ರೋಸ್‌ವುಡ್ 1992ರಿಂದಲೇ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. 2017ರ ಜನವರಿಯ ಹೊತ್ತಿಗೆ ಡಾಲ್ಬರ್ಜಿಯಾ ಕುಲದ ಉಳಿದ ಮರಗಳೆಲ್ಲವೂ ಎರಡನೇ ಪಟ್ಟಿಗೆ ಸೇರಿದ್ದವು. ಬೀಟೆ, ಕೊಕೊಬೋಲೊ, ಆಫ್ರಿಕದ ಬ್ಲ್ಯಾಕ್‌ವುಡ್ ಎಲ್ಲವೂ ಆ ಕುಲದವೇ. ಅಮೆರಿಕದ ಲೇಸಿ ಕಾಯ್ದೆ 1900ರದು. 2008ರ ತಿದ್ದುಪಡಿಯ ನಂತರ ಹೊರದೇಶದಲ್ಲಿ ಕದ್ದು ಕಡಿದ ಮರವನ್ನು ಇಲ್ಲಿ ಮಾರುವುದೂ ಅಪರಾಧ. ಆದರೂ ಅಂಗೈಯಗಲದ ತುಂಡು ಕೈಯಿಂದ ಕೈಗೆ ದಾಟುವಾಗ ಅದರ ಹುಟ್ಟೂರನ್ನು ಯಾರು ವಿಚಾರಿಸುತ್ತಾರೆ?

ನಾನೂ ವಿಚಾರಿಸದೆ ಒಮ್ಮೆ ಕೊಕೊಬೋಲೊ ತರಿಸಿದ್ದೆ. ಕೆಂಪು, ಕಿತ್ತಳೆ, ಕಪ್ಪು ಗೆರೆಗಳು ಕಣ್ಣು ಕುಕ್ಕುವಂತಿದ್ದವು. ಮೂಲದ ಕಾಗದ ಕೇಳಿದರೆ ಮಾರಿದವರಿಂದ ಉತ್ತರವೇ ಇಲ್ಲ. ಉಜ್ಜಿದ ಎರಡನೇ ದಿನ ಮೊಣಕೈವರೆಗೆ ದದ್ದು ಎದ್ದಿತು, ಅದರ ಧೂಳು ಹಲವರ ಮೈಗೆ ಆಗುವುದಿಲ್ಲ. ಎಣ್ಣೆ ತುಂಬಿದ ಮರವಾದ್ದರಿಂದ ಅಸಿಟೋನ್‌ನಲ್ಲಿ ಒರೆಸದೆ ಹಚ್ಚಿದ ಎಪಾಕ್ಸಿ ಅಂಟು ಹಿಡಿಯಲಿಲ್ಲ. ಆ ಚೂರಿಯನ್ನು ಯಾರಿಗೂ ಕೊಡಲು ಮನಸ್ಸಾಗಲಿಲ್ಲ. ಎಲ್ಲಿಯ ಯಾವ ಕಾಡು ಅದಕ್ಕಾಗಿ ತೆರವಾಯಿತೋ ಎಂಬ ಯೋಚನೆ ಇಂದಿಗೂ ಚುಚ್ಚುತ್ತದೆ.

ಕೊಡಲಿ ಕಾವು ಕುಲಕ್ಕೆ ಮೃತ್ಯು ಎನ್ನುತ್ತಾರಲ್ಲ, ಆ ಮಾತು ನಿಜವಾದದ್ದನ್ನು ಮೆಕ್ಸಿಕೋದ ಸೊನೋರಾ ರಾಜ್ಯ ಕಂಡಿದೆ. ಅಲ್ಲಿಯ ಕಡಲತೀರದಲ್ಲಿ ತಮ್ಮನ್ನು ಕೊಮ್ಕಾಕ್ ಎಂದು ಕರೆದುಕೊಳ್ಳುವ ಬುಡಕಟ್ಟಿನವರಿದ್ದಾರೆ. ಹೊರಗಿನವರು ಅವರನ್ನು ಸೆರಿ ಎನ್ನುತ್ತಾರೆ. 1960ರ ದಶಕದಲ್ಲಿ ಅವರಲ್ಲೊಬ್ಬರಾದ ಹೋಸೆ ಅಸ್ತೋರ್ಗಾ ಒಣಗಿ ಬಿದ್ದ ಐರನ್‌ವುಡ್ ಮರದಲ್ಲಿ ಆಮೆ, ಡಾಲ್ಫಿನ್, ಹಕ್ಕಿಗಳನ್ನು ಕೆತ್ತಿ ಮಾರಲು ಶುರುಮಾಡಿದರು. ಅದು ಇಡೀ ಸಮುದಾಯದ ಅನ್ನವಾಯಿತು. ಬೇಡಿಕೆ ಬೆಳೆದಂತೆ ಹೊರಗಿನವರು ಯಂತ್ರ ತಂದು ಅದೇ ಆಮೆ, ಅದೇ ಡಾಲ್ಫಿನ್ ರಾಶಿ ಹಾಕಿದರು. ಇತ್ತ ಇದ್ದಿಲಿಗಾಗಿ ಮೆಸ್ಕೀಟ್ ಮರದ ಜೊತೆ ಹಸಿರು ಐರನ್‌ವುಡ್ ಕೂಡ ಉರುಳಿತು. 1994ರಲ್ಲಿ ಮೆಕ್ಸಿಕೋ ಅದನ್ನು ವಿಶೇಷ ರಕ್ಷಣೆಯ ಪಟ್ಟಿಗೆ ಸೇರಿಸಿತು. ಅಷ್ಟು ಹೊತ್ತಿಗೆ ಕೆತ್ತುವವರಲ್ಲಿ ಅನೇಕರು ಮರ ಸಿಗದೆ ಕಲ್ಲಿಗೆ ಉಳಿ ಹಿಡಿದಿದ್ದರು.

ಈ ಮರ ಬದುಕಿದ್ದಾಗ ಮಾಡುವ ಕೆಲಸ ನೋಡಿದವರು ಹಸಿರು ಕೊಂಬೆಗೆ ಕೈ ಹಾಕಲಾರರು. ಅದರ ನೆರಳಿನಲ್ಲೇ ಸಾಗುವಾರೊ ಕಳ್ಳಿಯ ಎಳೆಸಸಿ ಬೇಸಿಗೆಯ ಉರಿಯನ್ನೂ ಚಳಿಗಾಲದ ಹಿಮವನ್ನೂ ತಡೆದುಕೊಳ್ಳುವುದು. ಬಾಣಂತಿಕೋಣೆಯ ಹಾಗೆ. ಟೂಸಾನ್ ಊರಿನ ವಾಯವ್ಯಕ್ಕೆ ಇದರ ಹೆಸರಿನಲ್ಲೇ 2000ದಲ್ಲಿ ಘೋಷಿಸಿದ ರಾಷ್ಟ್ರೀಯ ಸ್ಮಾರಕ ಅರಣ್ಯವಿದೆ. ಜೂನ್ ಆರಂಭದಲ್ಲಿ, ತಿಳಿನೇರಳೆ ಹೂವಿನ ಕೊನೆಯ ದಿನಗಳಲ್ಲಿ, ಅಲ್ಲಿ ನಡೆದರೆ ಮಲೆನಾಡಿನವನಿಗೂ ಮರುಭೂಮಿ ಹತ್ತಿರವಾಗುತ್ತದೆ.

ಇನ್ನು ನಮ್ಮ ಕಡೆ. ಬೀಟೆಗೆ ಕರ್ನಾಟಕದಲ್ಲಿ ರಕ್ಷಣೆ ಇರುವುದು ಒಳ್ಳೆಯದೇ. ಇಲ್ಲದಿದ್ದರೆ ಕಾಫಿ ತೋಟಗಳ ನೆರಳಿನಲ್ಲಿ ಇಂದು ಒಂದೂ ಉಳಿಯುತ್ತಿರಲಿಲ್ಲ. ಆದರೆ ನಮ್ಮ ಪಕ್ಕದ ತೋಟದಲ್ಲಿ ಗಾಳಿಮಳೆಗೆ ಉರುಳಿದ ಬೀಟೆಯೊಂದು ಮೂರು ಮಳೆಗಾಲ ಬಿದ್ದಲ್ಲೇ ಬಿದ್ದಿತ್ತು, ಅನುಮತಿಗೆ ಅಲೆದಲೆದು ಮಾಲೀಕರು ಕೈಬಿಟ್ಟರು. ಅದೇ ತೋಟದಲ್ಲಿ ಗೇಣುದ್ದದ ಬೀಟೆ ಸಸಿಗಳನ್ನು ಕಿತ್ತು ಸಿಲ್ವರ್ ಓಕ್ ನೆಟ್ಟಿದ್ದನ್ನೂ ಕಂಡಿದ್ದೇನೆ. ಬೆಳೆಸಿದವನ ಕೈಗೆ ಬಾರದ ಮರವನ್ನು ಯಾರು ಬೆಳೆಸುತ್ತಾರೆ? ಹಸಿ ಮರಕ್ಕೆ ಇನ್ನೂ ಬಿಗಿ ಕಾವಲು ಬೇಕು, ಬಿದ್ದ ಮರಕ್ಕೆ ಸುಲಭದ ಕಾಗದ ಬೇಕು. ಎರಡಕ್ಕೂ ಒಂದೇ ಬೀಗ ಹಾಕಿದರೆ ಕಳ್ಳನಿಗೆ ತೊಂದರೆಯಿಲ್ಲ, ನೆಟ್ಟವನಿಗೇ ಶಿಕ್ಷೆ.

ಮೈಸೂರಿನ ಕುಸುರಿ ಕೆಲಸ ಇಲ್ಲಿ ನನಗೆ ದಾರಿ ತೋರಿಸಿದೆ. ಬೀಟೆಯ ಹಲಗೆಯೊಳಗೆ ಬೇರೆ ಬೇರೆ ಮರಗಳ ಚೂರುಗಳನ್ನು ಅವುಗಳ ಹುಟ್ಟುಬಣ್ಣದಲ್ಲೇ ಕೂರಿಸುವ ಕಲೆ ಅದು. ಹಿಂದೆ ಬಿಳಿ ಬೇಕಾದಲ್ಲಿ ಆನೆದಂತ ಇರುತ್ತಿತ್ತು. ದಂತ ನಿಷೇಧವಾದಾಗ ಕಲೆ ಸಾಯಲಿಲ್ಲ, ಕುಶಲಕರ್ಮಿಗಳು ಬೇರೆ ವಸ್ತು ಹುಡುಕಿಕೊಂಡರು. ಚೂರಿಯ ಹಿಡಿಗೆ ಬೇಕಾದದ್ದೂ ಚೂರೇ. ಬಾಗಿಲು ಮಾಡಿ ಮಿಕ್ಕದ್ದು, ಕ್ಲಾರಿನೆಟ್‌ಗೆ ಆಗದೆ ಉಳಿದ ಬ್ಲ್ಯಾಕ್‌ವುಡ್ ತುಂಡು, ಮುರಿದ ಮಂಚದ ಕಾಲು, ಇವೇ ಧಾರಾಳ ಸಾಕು. ಹಸಿ ಮರ ಕಡಿಸುವಷ್ಟು ದೊಡ್ಡ ಕೆಲಸ ಹಿಡಿಯದ್ದಲ್ಲ.

ಕಳೆದ ಸಲ ಊರಿಗೆ ಹೋದಾಗ ಅಜ್ಜನ ಮಂಚದ ಒಂದು ಕಾಲು ಮುರಿದು ಅಟ್ಟ ಸೇರಿತ್ತು. ಇಲ್ಲಿಗೆ ತರಲು ಬಹಳ ಆಸೆಪಟ್ಟೆ. ಕಾಗದಪತ್ರದ ತೊಡಕು ಒಂದೆಡೆ, ಹವೆ ಇನ್ನೊಂದೆಡೆ. ಮಲೆನಾಡಿನ ಜಡಿಮಳೆಯಲ್ಲಿ ಉಬ್ಬಿದ ಮರ ಟೂಸಾನ್‌ನ ಒಣ ಜೂನ್‌ನಲ್ಲಿ ಕುಗ್ಗಿ, ಅಲಗಿನ ಉಕ್ಕಿನ ಅಂಚು ಹಿಡಿಯಿಂದ ಹೊರಗೆ ಚಾಚಿಕೊಳ್ಳುತ್ತದೆ. ಹಾಗಾಗಿ ಅದನ್ನು ಊರಿನ ಕುಲುಮೆಗೇ ಒಯ್ದೆ. ಆಚಾರಿ ಅಮ್ಮನ ಹಳೆಯ ಕತ್ತಿಯ, ಹಿಡಿಯೊಳಗೆ ಕೂರುವ ಬಾಲವನ್ನು ಕೆಂಪಗೆ ಕಾಯಿಸಿ ಬೀಟೆಯೊಳಗೆ ಇಳಿಸಿದರು. ಹೊಗೆಯ ಜೊತೆ ಆ ವಾಸನೆ ಕುಲುಮೆ ತುಂಬಾ ಹರಡಿತು. ಅರಗು ತುಂಬಿ, ಮೇಲೆ ಅಣಸೆಂಬ ಲೋಹದ ಬಳೆ ಬಿಗಿದು, ನನ್ನ ಕೈಗಿಡುತ್ತಾ ಕೇಳಿದರು: "ಇದು ಯಾವ ತೋಟದ್ದು?"

ತೋಟದ ಹೆಸರು ಹೇಳಿದೆ. ಅಜ್ಜ ಅದನ್ನು ಯಾವ ಮಳೆಗಾಲದಲ್ಲಿ ಬಿದ್ದಾಗ ತಂದರೆಂದು ಪಕ್ಕದಲ್ಲಿದ್ದ ಅಮ್ಮ ಹೇಳಿದರು.