ಒಂದೂ ವೋಟು ಬೀಳದೆ ಗೆದ್ದವರು

2019ರ ಡಿಸೆಂಬರಿನಲ್ಲಿ ಹುಣಸೂರು ಕಡೆ ಹೋಗಿದ್ದೆ. ಹೊಗೆಸೊಪ್ಪಿನ ಹರಾಜಿನ ಸಮಯ. ನೆಂಟರ ಮನೆ ಜಗಲಿಯಲ್ಲಿ ಎಲ್ಲರೂ ಕೂತು ಸೊಪ್ಪಿನ ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರು. ಉಪಚುನಾವಣೆ ಫಲಿತಾಂಶ ಬಂದು ಎರಡು ದಿನ ಆಗಿತ್ತು. ಮನೆ ಯಜಮಾನರು ಎಲೆಯಿಂದ ಕಣ್ಣು ತೆಗೆಯದೆ ಹೇಳಿದರು: "ಇದ್ದ ಸೀಟು ಬಿಟ್ಟು ಮಂತ್ರಿ ಆಗಕ್ಕೋದ್ರು. ಈಗ ಅದೂ ಇಲ್ಲ, ಇದೂ ಇಲ್ಲ."

ಅಡಗೂರು ಎಚ್. ವಿಶ್ವನಾಥ್ ಬಗ್ಗೆ ಆ ಮಾತು. ಜನ ಕರೆಯುವ ಹಾಗೆ, ನಮ್ಮ ಹಳ್ಳಿಹಕ್ಕಿ.

ನನಗೆ ಅವರು ಇವತ್ತಿಗೂ ಎಸ್.ಎಂ. ಕೃಷ್ಣ ಸಂಪುಟದ ಶಿಕ್ಷಣ ಸಚಿವ. ಶಾಲೆ ಬಿಟ್ಟ ಮಕ್ಕಳಿಗೆ ಚಿಣ್ಣರ ಅಂಗಳ ನಡೆದದ್ದು ಆ ಕಾಲದಲ್ಲೇ. ಕೆ.ಆರ್. ನಗರದಿಂದ ಮೂರು ಸಲ ಶಾಸಕ, 2009ರಲ್ಲಿ ಮೈಸೂರು ಸಂಸದ. ಸಿದ್ದರಾಮಯ್ಯನವರನ್ನು ಕಾಂಗ್ರೆಸ್ಸಿಗೆ ಕರೆತರಲು ಓಡಾಡಿದವರಲ್ಲಿ ಇವರೂ ಒಬ್ಬರು. ಆಮೇಲೆ ಅವರ ಜೊತೆಗೇ ಮುನಿಸಿಕೊಂಡು 2017ರಲ್ಲಿ ಜೆಡಿಎಸ್ ಸೇರಿದರು, ಹುಣಸೂರಲ್ಲಿ ಗೆದ್ದರು, ಪಕ್ಷದ ರಾಜ್ಯಾಧ್ಯಕ್ಷರೂ ಆದರು. 2019ರ ಜುಲೈನಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಕಾಂಗ್ರೆಸ್-ಜೆಡಿಎಸ್ ಸರ್ಕಾರ ಬೀಳಿಸಿದವರ ಜೊತೆ ಸೇರಿದರು. ಸ್ಪೀಕರ್ ಅನರ್ಹಗೊಳಿಸಿದ 17 ಶಾಸಕರಲ್ಲಿ ಇವರ ಹೆಸರೂ ಇತ್ತು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು, ಆದರೆ ಚುನಾವಣೆಗೆ ನಿಲ್ಲಬಹುದು ಅಂದಿತು. ಬಿಜೆಪಿಯಿಂದ ನಿಂತರು. ಹುಣಸೂರನ್ನು ದೇವರಾಜ ಅರಸು ಹೆಸರಿನ ಜಿಲ್ಲೆ ಮಾಡೋಣ ಅಂತಲೂ ಹೇಳಿದರು. ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಎದುರು ಸುಮಾರು 40 ಸಾವಿರ ವೋಟಿನಲ್ಲಿ ಸೋತರು.

ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಇಲ್ಲ. 2020ರ ಜುಲೈನಲ್ಲಿ ಸಾಹಿತ್ಯ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ರಾಜ್ಯಪಾಲರ ನಾಮನಿರ್ದೇಶನ ಆಯ್ತು. ಮುಂದಿನ ಮೆಟ್ಟಿಲು ಮಂತ್ರಿಗಿರಿ ಅನ್ನುವಷ್ಟರಲ್ಲಿ ವಕೀಲರೊಬ್ಬರು ಹೈಕೋರ್ಟಿಗೆ ಹೋದರು. ಸಂವಿಧಾನದ 164(1ಬಿ) ಹೇಳುವುದು ಇಷ್ಟೇ: ಪಕ್ಷಾಂತರ ಮಾಡಿ ಅನರ್ಹನಾದವನು ಆ ಅವಧಿ ಮುಗಿಯುವವರೆಗೆ ಮಂತ್ರಿ ಆಗುವ ಹಾಗಿಲ್ಲ. ನಡುವೆ ಮತ್ತೆ ಚುನಾವಣೆಗೆ ನಿಂತು ಗೆದ್ದುಬಂದರೆ ಮಾತ್ರ ಆಗಬಹುದು. ನಾಮನಿರ್ದೇಶನ ಅಂದರೆ ಗೆದ್ದ ಹಾಗಲ್ಲ ಅಂತ 2020ರ ನವೆಂಬರ್ 30ರಂದು ಹೈಕೋರ್ಟ್ ಹೇಳಿತು. ಮರುವರ್ಷ ಜನವರಿ 28ಕ್ಕೆ ಸುಪ್ರೀಂ ಕೋರ್ಟಿನಲ್ಲೂ ಅದೇ ಉತ್ತರ.

ಕೋರ್ಟ್ ಮಾಡಿದ್ದು ಸರಿ. ಅದರಲ್ಲಿ ನನಗೆ ಎರಡು ಮಾತಿಲ್ಲ. ಹುಣಸೂರಿನ ಜನ ಬೇಡ ಅಂದವರನ್ನು ರಾಜಭವನದ ಒಂದು ಪತ್ರದಿಂದ ಮಂತ್ರಿ ಮಾಡುವುದು ಯಾವ ನ್ಯಾಯ?

ಆದರೆ ಹೊಟ್ಟೆ ಉರಿಯುವುದು ಬೇರೆ ಕಡೆ. ಅದೇ 17 ಜನರಲ್ಲಿ ಎಂಟಿಬಿ ನಾಗರಾಜ್ ಇದ್ದರು. ಅದೇ ಉಪಚುನಾವಣೆಯಲ್ಲಿ ಹೊಸಕೋಟೆಯ ಜನ ಅವರನ್ನೂ ಸೋಲಿಸಿದ್ದರು. ಆರ್. ಶಂಕರ್‌ಗಂತೂ ರಾಣೆಬೆನ್ನೂರಿನಲ್ಲಿ ಟಿಕೆಟ್ಟೇ ಸಿಗಲಿಲ್ಲ. ಇಬ್ಬರನ್ನೂ 2020ರ ಜೂನ್‌ನಲ್ಲಿ ಶಾಸಕರೇ ವೋಟು ಹಾಕಿ ಆರಿಸುವ ಕೋಟಾದಿಂದ ಪರಿಷತ್ತಿಗೆ ಕಳಿಸಿದರು. ಏಳು ಸೀಟು, ಏಳೇ ಅಭ್ಯರ್ಥಿಗಳು. ಎಲ್ಲರೂ ಅವಿರೋಧ. ಒಬ್ಬ ಶಾಸಕನಿಗೂ ವೋಟು ಹಾಕುವ ಕೆಲಸ ಬೀಳಲಿಲ್ಲ. ಆದರೂ ಕಾನೂನಿನ ಲೆಕ್ಕದಲ್ಲಿ ಅವರು 'ಗೆದ್ದುಬಂದವರು'. ಅನರ್ಹತೆ ತೊಳೆದುಹೋಯಿತು!

ಇನ್ನೂ ಒಂದು ತಮಾಷೆ ಇದೆ. ವಿಶ್ವನಾಥ್ ಜೊತೆಯಲ್ಲೇ ನಾಮನಿರ್ದೇಶನ ಆದವರು ಸಿ.ಪಿ. ಯೋಗೇಶ್ವರ್. 2018ರಲ್ಲಿ ಚನ್ನಪಟ್ಟಣದಲ್ಲಿ ಸೋತವರು. ಆದರೆ ಆ ಅವಧಿಯಲ್ಲಿ ಅವರು ಶಾಸಕರೇ ಆಗಿರಲಿಲ್ಲ, ಹಾಗಾಗಿ ಅನರ್ಹತೆಯ ಪ್ರಶ್ನೆಯೇ ಬರಲಿಲ್ಲ. 2021ರ ಜನವರಿ 13ರಂದು ಯಡಿಯೂರಪ್ಪ ಸಂಪುಟ ವಿಸ್ತರಿಸಿದಾಗ ಪ್ರಮಾಣವಚನ ತೆಗೆದುಕೊಂಡ ಏಳು ಜನರಲ್ಲಿ ಯೋಗೇಶ್ವರ್, ಎಂಟಿಬಿ, ಶಂಕರ್ ಮೂವರೂ ಇದ್ದರು. ವಿಶ್ವನಾಥ್ ಹೊರಗೆ ನಿಂತು ಸಿಟ್ಟು ಕಾರಿಕೊಂಡರು.

ಸಿಟ್ಟು ಬರುವುದು ಸಹಜ. ಹಾಗಂತ ಅವರ ಪರ ವಕಾಲತ್ತು ಹಾಕಲು ನಾನಿಲ್ಲಿ ಕೂತಿಲ್ಲ. ನಾಲ್ಕು ದಶಕ ರಾಜಕೀಯ ಮಾಡಿದವರಿಗೆ ಕಾನೂನು ಗೊತ್ತಿರಲಿಲ್ಲ ಅಂದರೆ ನಂಬುವುದು ಕಷ್ಟ. ನನ್ನ ತಕರಾರು ಕಾನೂನು ಬರೆದವರ ಜೊತೆ. ಈ 164(1ಬಿ)ಯನ್ನು ತಂದ 2003ರ 91ನೇ ತಿದ್ದುಪಡಿಯಲ್ಲಿ 'ಗೆದ್ದುಬಂದರೆ' ಅನ್ನುವ ಕಡೆ 'ಜನರಿಂದ' ಅಂತ ಒಂದು ಪದ ಜಾಸ್ತಿ ಬರೆದಿದ್ದರೆ ಸಾಕಿತ್ತು. ಎಂಟಿಬಿ ಮತ್ತು ಶಂಕರ್ ಕೂಡ ಆ ದಿನದ ಪ್ರಮಾಣವಚನವನ್ನು ವಿಶ್ವನಾಥ್ ಪಕ್ಕ ಕೂತು ಟಿವಿಯಲ್ಲೇ ನೋಡಬೇಕಾಗುತ್ತಿತ್ತು.