ಬೆಂಚಿನಲ್ಲಿ ಕೂತು ಕಲಿತ ಕೋಚ್

ಅಮೆರಿಕನ್ ಫುಟ್‌ಬಾಲ್ ಕೋಚ್‌ಗಳಲ್ಲಿ ನನಗೆ ತುಂಬಾ ಇಷ್ಟ ಆದವರು ಡಗ್ ಪೀಡರ್ಸನ್. ಆಟಗಾರನಾಗಿ ಅವರದು ದೊಡ್ಡ ಹೆಸರಲ್ಲ. 1991ರ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಅವರನ್ನು ಯಾವ ತಂಡವೂ ಆರಿಸಲಿಲ್ಲ. ಅವರು ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಇಡೀ ದಾಳಿ ನಡೆಸುವವನು. ಆ ಜಾಗ ಒಬ್ಬನಿಗೆ ಮಾತ್ರ. ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿ ಆ ಒಬ್ಬ ಬ್ರೆಟ್ ಫಾರ್ವ್, ಒಂದು ಪಂದ್ಯವನ್ನೂ ತಪ್ಪಿಸದ ಗಟ್ಟಿಗ. ಪೀಡರ್ಸನ್ ವರ್ಷಗಟ್ಟಲೆ ಬೆಂಚಿನಲ್ಲೇ ಉಳಿದರು.

ಅದನ್ನು ಸುಮ್ನೆ ಕಳೆದ ಕಾಲ ಅಂದ್ರೆ ನಾನು ಒಪ್ಪಲ್ಲ. ಬ್ಯಾಕಪ್, ಅಂದ್ರೆ ಬದಲಿ ಆಟಗಾರ ಆದವನಿಗೂ ಪ್ಲೇಬುಕ್, ಅಂದ್ರೆ ತಂಡದ ಆಟದ ತಂತ್ರಗಳ ಪುಸ್ತಕ, ಪೂರ್ತಿ ಬಾಯಿಗೆ ಬರಬೇಕು. ಯಾವಾಗ ಕರೆ ಬರುತ್ತೋ ಗೊತ್ತಿಲ್ಲ, ಬಂದಾಗ ಹೆಲ್ಮೆಟ್ ಹಾಕಿಕೊಂಡು ಇಳಿಯಲೇಬೇಕು. 1993ರ ನವೆಂಬರ್‌ನಲ್ಲಿ ಹಾಗೇ ಆಯ್ತು. ಆಗ ಅವರು ಇನ್ನೂ ಮಯಾಮಿ ಡಾಲ್ಫಿನ್ಸ್ ತಂಡದಲ್ಲಿದ್ದರು. ಅಲ್ಲಿ ಆಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ಸ್ಕಾಟ್ ಮಿಚೆಲ್‌ಗೆ ಪೆಟ್ಟು ಬಿತ್ತು, ಪೀಡರ್ಸನ್ ಇಳಿದರು, ತಂಡ ಗೆದ್ದಿತು. ಕೋಚ್ ಡಾನ್ ಶೂಲಾ ಅವರಿಗೆ ಅದು 325ನೇ ಗೆಲುವು, ಎನ್‌ಎಫ್‌ಎಲ್ ಕೋಚ್‌ಗಳಲ್ಲೇ ಹೊಸ ದಾಖಲೆ!

ಆಟ ಬಿಟ್ಟಮೇಲೆ 2005ರಿಂದ ನಾಲ್ಕು ವರ್ಷ ಲೂಸಿಯಾನದ ಶ್ರೀವ್‌ಪೋರ್ಟ್‌ನಲ್ಲಿ ಹೈಸ್ಕೂಲ್ ಹುಡುಗರಿಗೆ ಕೋಚ್ ಆಗಿದ್ದರು. 2016ರಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ನ ಮುಖ್ಯ ಕೋಚ್ ಆದರು. ಮರುವರ್ಷ ತಂಡ ಭರ್ಜರಿಯಾಗಿ ಆಡುತ್ತಿದ್ದಾಗ ಡಿಸೆಂಬರ್‌ನಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮೊಣಕಾಲಿಗೆ ಪೆಟ್ಟು. ಎಲ್ಲರೂ ಕತೆ ಮುಗೀತು ಅಂದರು. ಉಳಿದಿದ್ದವನು ಬ್ಯಾಕಪ್ ನಿಕ್ ಫೋಲ್ಸ್. ಬ್ಯಾಕಪ್ ಆದವನ ಮನಸ್ಸು ಏನು ಅಂತ ಪೀಡರ್ಸನ್‌ಗಿಂತ ಜಾಸ್ತಿ ಯಾರಿಗೆ ಗೊತ್ತಿರುತ್ತೆ, ಅಲ್ವಾ?

2018ರ ಫೆಬ್ರವರಿ 4, ಮಿನಿಯಾಪೊಲಿಸ್, ಸೂಪರ್ ಬೌಲ್, ಅಂದ್ರೆ ಲೀಗ್‌ನ ಫೈನಲ್. ಎದುರಿಗೆ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಪೇಟ್ರಿಯಟ್ಸ್ ತಂಡ. ಈಗಲ್ಸ್ 15-12 ಮುಂದಿದೆ, ಅರ್ಧ ಆಟ ಮುಗಿಯಲು 38 ಸೆಕೆಂಡ್. ಚೆಂಡು ದಾಟಿಸಿದರೆ ಟಚ್‌ಡೌನ್, ಅಂದ್ರೆ ಆರು ಪಾಯಿಂಟ್; ಆ ಗೆರೆಗೆ ಒಂದೇ ಗಜ, ಇದು ನಾಲ್ಕನೇ ಮತ್ತು ಕೊನೇ ಪ್ರಯತ್ನ. ಒದ್ದು ಮೂರು ಪಾಯಿಂಟ್ ತಗೊಳ್ಳುವುದು ಸುಲಭದ ದಾರಿ. ಫೋಲ್ಸ್ ಮೈದಾನದ ಅಂಚಿನಲ್ಲಿದ್ದ ಕೋಚ್ ಹತ್ತಿರ ಬಂದು, ಎದುರಾಳಿಯನ್ನು ಯಾಮಾರಿಸೋ ಆ ಟ್ರಿಕ್ ಆಟ ಆಡೋಣವಾ ಅಂತ ಕೇಳುತ್ತಾರೆ. ಪೀಡರ್ಸನ್ ಒಂದು ಗಳಿಗೆ ಸುಮ್ಮನಿದ್ದು, ಹೂಂ ಅನ್ನುತ್ತಾರೆ. ಚೆಂಡು ಕೋರಿ ಕ್ಲೆಮೆಂಟ್ ಕೈಗೆ, ಅಲ್ಲಿಂದ ಟ್ರೇ ಬರ್ಟನ್‌ಗೆ, ಬರ್ಟನ್ ಎಸೆದದ್ದು ನೇರ ಫೋಲ್ಸ್‌ಗೆ. ಯಾವಾಗಲೂ ಎಸೆಯುವವನೇ ಅವತ್ತು ಹಿಡಿದ. ಟಚ್‌ಡೌನ್! ಕೊನೆಗೆ 41-33, ಈಗಲ್ಸ್‌ಗೆ ಮೊದಲ ಸೂಪರ್ ಬೌಲ್ ಗೆಲುವು.

ಜನ ಇದನ್ನು ಧೈರ್ಯ ಅಂತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಆ ನಂಬಿಕೆ. ಕೇಳಿದವನೂ ಬ್ಯಾಕಪ್, ಹೂಂ ಅಂದವನೂ ಒಂದು ಕಾಲದ ಬ್ಯಾಕಪ್.

ಆ ಗೆಲುವಿಗೆ ಮೂರು ವರ್ಷ ತುಂಬುವ ಮೊದಲೇ ಈಗಲ್ಸ್ ಪೀಡರ್ಸನ್ ಅವರನ್ನು ತೆಗೆದುಹಾಕಿತು. ನನಗೆ ಇವತ್ತಿಗೂ ಬೇಜಾರಿದೆ. ಆದರೆ ಆ ಗೆಲುವಿನ ನೆನಪಿಗೆ ಫಿಲಡೆಲ್ಫಿಯಾ ಸ್ಟೇಡಿಯಂ ಹೊರಗೆ ನಿಲ್ಲಿಸಿದ ಪ್ರತಿಮೆ ನೋಡಿ. ಫೋಲ್ಸ್ ಚೆಂಡು ಹಿಡಿದ ಗಳಿಗೆ ಅದಲ್ಲ. ಫೋಲ್ಸ್, ಪೀಡರ್ಸನ್ ಇಬ್ಬರೂ ಎದುರುಬದುರು ನಿಂತು ಮಾತಾಡುತ್ತಿದ್ದಾರೆ.