ಘಟಿಕೋತ್ಸವಕ್ಕೆ ರಾಜಕಾರಣಿ: ಕರೆಯಬೇಕೇ, ಬೇಡವೇ?

ಕುಶಾಲನಗರದ ಹತ್ತಿರ, ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾದ ಮೇಲೆ ಘಟಿಕೋತ್ಸವ ಅನ್ನುವುದು ನಮ್ಮ ಜಿಲ್ಲೆಯ ಮನೆಗಳಿಗೂ ಹತ್ತಿರದ ಮಾತಾಗಿದೆ. ಅದರ ಜೊತೆಗೇ ಒಂದು ಪ್ರಶ್ನೆ ಬರುತ್ತದೆ. ಯಾವ ವಿಶ್ವವಿದ್ಯಾಲಯವೇ ಆಗಲಿ, ಪದವಿ ಕೊಡುವ ದಿನ ಭಾಷಣಕ್ಕೆ ರಾಜಕಾರಣಿಯನ್ನು ಕರೆಯುವುದು ಸರಿಯೇ? ಮಡಿಕೇರಿಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಸರಿ ಎನ್ನುತ್ತಾರೆ. ಅವರ ಹಳೆಯ ವಿದ್ಯಾರ್ಥಿನಿ, ಈಗ ಸಿದ್ದಾಪುರದ ಕಡೆ ಹೈಸ್ಕೂಲ್ ಶಿಕ್ಷಕಿ, ಒಪ್ಪುವುದಿಲ್ಲ.

ಪರ: ಬರಲಿ, ನಮ್ಮ ಮಕ್ಕಳ ಮುಖ ನೋಡಲಿ

‘ಕಾಲೇಜಿಗೆ ರಾಜಕೀಯ ಬೇಡ ಸರ್’ ಎಂಬ ಮಾತನ್ನು ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಇತಿಹಾಸ ಪಾಠ ಮಾಡುವವನಿಗೆ ಅದನ್ನು ಒಪ್ಪುವುದು ಕಷ್ಟ. ಕಾಲೇಜು ಬಂದದ್ದೇ ರಾಜಕೀಯದಿಂದ. ಅದು ಉಳಿಯುವುದೋ ಮುಚ್ಚುವುದೋ ಅನ್ನುವುದೂ ರಾಜಕೀಯದಿಂದಲೇ ತೀರ್ಮಾನವಾಗುತ್ತದೆ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ ನಮ್ಮದು ಒಂದು ಪುಟ್ಟ ರಾಜ್ಯ. 1952ರ ಚುನಾವಣೆಯಲ್ಲಿ 24 ಜನರ ವಿಧಾನಸಭೆ ಬಂತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಮುಖ್ಯಮಂತ್ರಿಯನ್ನು ನೋಡಬೇಕಾದರೆ ಮಡಿಕೇರಿಗೆ ಹೋದರೆ ಸಾಕಿತ್ತು. ಈಗ ನಮಗಿರುವುದು ಎರಡು ವಿಧಾನಸಭಾ ಕ್ಷೇತ್ರ. ಲೋಕಸಭೆಗೆ ಮೈಸೂರಿನ ಜೊತೆ ಸೇರಿಕೊಂಡಿದ್ದೇವೆ. ನಮ್ಮ ಮಕ್ಕಳು ಎಲ್ಲಿ ಓದಬೇಕು ಎನ್ನುವುದು ಬೆಂಗಳೂರಿನ ಯಾವುದೋ ಕೋಣೆಯಲ್ಲಿ ನಿರ್ಧಾರವಾಗುತ್ತದೆ.

2025ರ ಫೆಬ್ರವರಿಯಲ್ಲಿ ಆದದ್ದೂ ಅದೇ. ಹೊಸ ವಿಶ್ವವಿದ್ಯಾಲಯಗಳ ಪೈಕಿ 9ನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಆ ಪಟ್ಟಿಯಲ್ಲಿ ಕೊಡಗೂ ಇತ್ತು. ಹಣ ಇಲ್ಲ, ಜಾಗ ಇಲ್ಲ, ಮಕ್ಕಳು ಕಡಿಮೆ ಎಂಬ ಲೆಕ್ಕ. ಲೆಕ್ಕದಲ್ಲಿ ಒಂದಿಷ್ಟು ನಿಜವೂ ಇರಬಹುದು. ಆದರೆ ಘಾಟಿ ಆ ಲೆಕ್ಕದೊಳಗೆ ಬರುವುದಿಲ್ಲ ಅಲ್ವಾ? ನಾವು ಮಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದಾಗ ಒಂದು ಅಂಕಪಟ್ಟಿ ತಿದ್ದಿಸಲು ನನ್ನ ವಿದ್ಯಾರ್ಥಿಗಳು ಸಂಪಾಜೆ ಇಳಿದು, ಸುಳ್ಯ, ಪುತ್ತೂರು ದಾಟಿ ಕೊಣಾಜೆಗೆ ಹೋಗಿ ಬರುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಆ ದಾರಿಯೂ ಇರಲಿಲ್ಲ. ಈ ಕಷ್ಟವನ್ನು ಮನವಿಪತ್ರದಲ್ಲಿ ಬರೆದು ಕಳಿಸಬಹುದು, ಕಳಿಸಿಯೂ ಇದ್ದೇವೆ. ಆದರೆ ನಿರ್ಧಾರ ಮಾಡುವ ಮನುಷ್ಯ ಇಲ್ಲಿಗೆ ಬಂದು, ಗೌನು ಹಾಕಿ ಕೂತ ನಮ್ಮ ಹುಡುಗ ಹುಡುಗಿಯರ ಎದುರು ಒಂದು ಗಂಟೆ ಇದ್ದರೆ ಆಗುವ ಕೆಲಸವೇ ಬೇರೆ. ಈ ಮುಖಗಳನ್ನು ನೋಡಿದ ಮೇಲೆ ಕಡತಕ್ಕೆ ಸಹಿ ಹಾಕುವಾಗ ಕೈ ಸ್ವಲ್ಪ ತಡೆಯುತ್ತದೆ ಎಂದು ನಾನು ನಂಬಿದ್ದೇನೆ.

ಕರೆದರೆ ಒಪ್ಪಿಕೊಂಡ ಹಾಗಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಒಕ್ಕದವರೆಲ್ಲ (ಒಂದೇ ಕುಲದವರು) ಸೇರುತ್ತಾರೆ. ಗದ್ದೆಯ ಗಡಿಗಾಗಿ ಕೋರ್ಟಿಗೆ ಹೋದ ಅಣ್ಣತಮ್ಮಂದಿರೂ ಬರುತ್ತಾರೆ. ಅವರನ್ನು ಕರೆದರೆ ಗಡಿ ಬಿಟ್ಟುಕೊಟ್ಟ ಹಾಗೆ ಎಂದು ಯಾರೂ ತಿಳಿಯುವುದಿಲ್ಲ. ಅಮೆರಿಕದ ನೋಟರ್ ಡೇಮ್ ಒಂದು ಕ್ಯಾಥೊಲಿಕ್ ವಿಶ್ವವಿದ್ಯಾಲಯ. 2009ರ ಮೇ ತಿಂಗಳಲ್ಲಿ ಅದು ಬರಾಕ್ ಒಬಾಮಾ ಅವರನ್ನು ಪದವಿ ಸಮಾರಂಭಕ್ಕೆ ಕರೆಯಿತು. ಗರ್ಭಪಾತದ ವಿಷಯದಲ್ಲಿ ಅವರ ನಿಲುವು ಚರ್ಚಿನ ನಿಲುವಿಗೆ ನೇರ ವಿರುದ್ಧ. ದೊಡ್ಡ ಗಲಾಟೆಯಾಯಿತು. ವಿಶ್ವವಿದ್ಯಾಲಯ ಆಹ್ವಾನ ಹಿಂದೆ ತೆಗೆದುಕೊಳ್ಳಲಿಲ್ಲ, ಅದರ ನಂಬಿಕೆಯನ್ನೂ ಬಿಡಲಿಲ್ಲ. ಒಬಾಮಾ ಕೂಡ ವಿಷಯ ತಪ್ಪಿಸಲಿಲ್ಲ. ಭಿನ್ನಾಭಿಪ್ರಾಯ ಇದೆ ಎಂದು ಅಲ್ಲೇ ಒಪ್ಪಿಕೊಂಡು, ಅದನ್ನು ಇಟ್ಟುಕೊಂಡೇ ಮಾತಾಡುವುದು ಹೇಗೆ ಎಂದು ಹೇಳಿದರು. ಪದವಿ ಪಡೆದು ಹೊರಡುವವರಿಗೆ ಇದಕ್ಕಿಂತ ಉಪಯೋಗದ ಪಾಠ ಇನ್ನೇನು ಬೇಕು?

ನಮ್ಮ ದೇಶದಲ್ಲೂ ಇಂಥದ್ದು ಇದೆ. 1947ರ ಡಿಸೆಂಬರ್ 13ರಂದು ಅಲಹಾಬಾದ್ ವಿಶ್ವವಿದ್ಯಾಲಯದ ವಿಶೇಷ ಘಟಿಕೋತ್ಸವದಲ್ಲಿ ನೆಹರೂ ಮಾತಾಡಿದರು. ದೇಶ ಒಡೆದು ನಾಲ್ಕೇ ತಿಂಗಳು. ರೈಲುಗಳಲ್ಲಿ ಹೆಣ ಬರುತ್ತಿದ್ದುದನ್ನು ಜನ ಇನ್ನೂ ಮರೆತಿರಲಿಲ್ಲ. ವಿಶ್ವವಿದ್ಯಾಲಯ ನಿಲ್ಲಬೇಕಾದದ್ದು ಸಹನೆಯ ಪರ, ವಿಚಾರದ ಪರ, ಸತ್ಯ ಹುಡುಕುವುದರ ಪರ ಎಂದು ಅವರು ಹೇಳಿದರು. ವಿದ್ಯೆಯ ಗುಡಿಯೇ ಸಣ್ಣ ಮನಸ್ಸಿನ ದ್ವೇಷದ ಮನೆಯಾದರೆ ದೇಶ ಉದ್ಧಾರವಾಗುವುದು ಹೇಗೆ ಎಂದು ಕೇಳಿದರು. ಇದೇ ಮಾತನ್ನು ಒಬ್ಬ ಪ್ರಾಧ್ಯಾಪಕ ಆಡಿದ್ದರೆ ಚೆನ್ನಾಗಿತ್ತು ಎಂದು ಚಪ್ಪಾಳೆ ತಟ್ಟಿ ಏಳುತ್ತಿದ್ದರು. ಆಡಿದವರು ಪೊಲೀಸು, ಸೈನ್ಯ, ಸರ್ಕಾರ ಎಲ್ಲವೂ ಕೈಯಲ್ಲಿದ್ದ ಪ್ರಧಾನಿ. ಆದ್ದರಿಂದ ಅದು ಮಾತಿನ ಜೊತೆಗೆ ಒಂದು ವಾಗ್ದಾನವೂ ಆಯಿತು. ವಾಗ್ದಾನ ಕೊಟ್ಟವರನ್ನು ಮುಂದೆ ಹಿಡಿದು ಕೇಳಬಹುದು.

1916ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಾಂಧಿ ಮಾತಾಡಿದ್ದೂ ನೆನಪಾಗುತ್ತದೆ. ಅದು ಘಟಿಕೋತ್ಸವ ಅಲ್ಲ, ಪ್ರಾರಂಭೋತ್ಸವ. ಆದರೂ ಹೇಳಬೇಕು. ವಿಶ್ವನಾಥನ ಗುಡಿಯ ಸುತ್ತಲ ಗಲೀಜು, ವೇದಿಕೆ ಮೇಲಿದ್ದ ಮಹಾರಾಜರ ಒಡವೆ, ನಮ್ಮ ದೇಶದಲ್ಲೇ ಇಂಗ್ಲಿಷಿನಲ್ಲಿ ಮಾತಾಡಬೇಕಾದ ನಾಚಿಕೆ, ಎಲ್ಲವನ್ನೂ ಹೇಳಿದರು. ಆನಿ ಬೆಸೆಂಟ್ ನಿಲ್ಲಿಸಿ ಎಂದರು. ಹುಡುಗರು ಮುಂದುವರಿಸಿ ಎಂದು ಕೂಗಿದರು. ಅವತ್ತು ಅವರನ್ನು ಕರೆಯದೇ ಇದ್ದಿದ್ದರೆ ಕಾರ್ಯಕ್ರಮ ಸುಸೂತ್ರವಾಗಿ ಮುಗಿಯುತ್ತಿತ್ತು, ಯಾರಿಗೂ ನೆನಪಿರುತ್ತಿರಲಿಲ್ಲ.

ಇನ್ನು, ನಮ್ಮಲ್ಲಿ ರಾಜ್ಯಪಾಲರೇ ಕುಲಾಧಿಪತಿಗಳು, ಉನ್ನತ ಶಿಕ್ಷಣ ಸಚಿವರೇ ಸಮಕುಲಾಧಿಪತಿಗಳು. ರಾಜಕಾರಣ ಆಗಲೇ ವೇದಿಕೆಯ ಮೇಲೆ ಇದೆ. ಭಾಷಣಕಾರರಿಗೆ ಮಾತ್ರ ಬಾಗಿಲು ಹಾಕಿದರೆ ಏನು ಬಂತು? ಚುನಾವಣೆ ಹತ್ತಿರ ಇರುವಾಗ ಕರೆಯಬೇಡಿ. ಇಪ್ಪತ್ತು ನಿಮಿಷ ಎಂದು ಮೊದಲೇ ಹೇಳಿ. ಈ ವರ್ಷ ಒಂದು ಪಕ್ಷದವರು ಬಂದರೆ ಮುಂದೊಮ್ಮೆ ಇನ್ನೊಂದು ಪಕ್ಷದವರು ಬರಲಿ. ನನ್ನ ವಿದ್ಯಾರ್ಥಿಗಳು ಇಷ್ಟವಿಲ್ಲದ ಮಾತನ್ನೂ ಕೂತು ಕೇಳಬಲ್ಲರು. ಅಷ್ಟು ಗಟ್ಟಿ ಇದ್ದಾರೆ.

ವಿರೋಧ: ಆ ದಿನ ನಮ್ಮ ಅಪ್ಪ ಅಮ್ಮಂದಿರದು

ಸರ್, ನಿಮ್ಮ ಪಾಠ ಕೇಳಿಯೇ ನಾನು ಇತಿಹಾಸ ಎಂ.ಎ. ಮಾಡಿದ್ದು. ನೆಹರೂ ಭಾಷಣ, ಗಾಂಧಿ ಭಾಷಣ ಎರಡನ್ನೂ ನೀವೇ ಕ್ಲಾಸಿನಲ್ಲಿ ಹೇಳಿದ್ದಿರಿ. ಆದರೆ ನಾನು ಘಟಿಕೋತ್ಸವಕ್ಕೆ ಹೋದಾಗ ನನಗೆ ಸಿಕ್ಕಿದ್ದು ಬೇರೆ.

ನನ್ನ ಅಮ್ಮ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದವರು. ನಾವು ಬೆಳೆದದ್ದು ಲೈನ್‌ಮನೆಯಲ್ಲಿ. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಅವತ್ತು ಕಾಫಿ ಕೊಯ್ಲಿನ ಸಮಯ. ಅಮ್ಮ ಎರಡು ದಿನದ ಕೂಲಿ ಬಿಟ್ಟು, ಪೆಟ್ಟಿಗೆಯಲ್ಲಿದ್ದ ಹಸಿರು ರೇಷ್ಮೆ ಸೀರೆ ಉಟ್ಟು, ಬೆಳಗಿನ ಜಾವದ ಬಸ್ಸಿಗೆ ನನ್ನ ಜೊತೆ ಹೊರಟರು. ಅಲ್ಲಿ ಹೋದರೆ ಮುಖ್ಯ ಅತಿಥಿಯಾಗಿ ದೊಡ್ಡ ರಾಜಕಾರಣಿಯೊಬ್ಬರು ಬರುವವರಿದ್ದರು. ಗೇಟಿನಲ್ಲಿ ತಪಾಸಣೆ. ಅಮ್ಮನ ಕೈಚೀಲದಲ್ಲಿದ್ದ ಬುತ್ತಿ, ನೀರಿನ ಬಾಟಲಿ ಎರಡನ್ನೂ ಹೊರಗೆ ಇಡಿಸಿದರು. ಸಭಾಂಗಣದ ಮುಂದಿನ ಸಾಲುಗಳಲ್ಲಿ ಅತಿಥಿಯ ಜೊತೆ ಬಂದವರು ಕೂತಿದ್ದರು. ಪೋಷಕರಿಗೆ ಹೊರಗೆ ಶಾಮಿಯಾನ. ಅತಿಥಿ ಬಂದದ್ದು ಎರಡು ಗಂಟೆ ತಡವಾಗಿ. ಮಾತಾಡಿದ್ದು ಅವರ ಸರ್ಕಾರದ ಯೋಜನೆಗಳ ಬಗ್ಗೆ, ಮತ್ತೆ ಎದುರು ಪಕ್ಷದವರ ಬಗ್ಗೆ. ಹೊತ್ತಾಯಿತೆಂದು ನಮ್ಮ ಹೆಸರುಗಳನ್ನು ಒಟ್ಟಿಗೆ ಓದಿ, ಎದ್ದು ನಿಲ್ಲಿ ಎಂದು ಹೇಳಿ ಮುಗಿಸಿದರು. ಪ್ರಮಾಣಪತ್ರವನ್ನು ಕೌಂಟರಿನಲ್ಲಿ ತೆಗೆದುಕೊಂಡೆ. ನಾನು ವೇದಿಕೆ ಹತ್ತುವುದನ್ನು ನೋಡಲು ಬಂದ ಅಮ್ಮ ನೋಡಿದ್ದು ಪರದೆಯ ಮೇಲೆ ಆ ಅತಿಥಿಯ ಮುಖವನ್ನು ಮಾತ್ರ.

ಯಾರ ಪಕ್ಷ ಎಂದು ನಾನು ಹೇಳುವುದಿಲ್ಲ. ಯಾವ ಪಕ್ಷದವರು ಬಂದಿದ್ದರೂ ಅಮ್ಮನ ಜಾಗ ಶಾಮಿಯಾನವೇ ಆಗುತ್ತಿತ್ತು.

ನೀವು ಪುತ್ತರಿಯ ಮಾತು ಹೇಳಿದ್ದೀರಿ. ನನಗೂ ಇಷ್ಟವಾಯಿತು. ಆದರೆ ಐನ್‌ಮನೆಯಲ್ಲಿ ಅಣ್ಣ ಮಾತಾಡಿದರೆ ತಮ್ಮ ತಿರುಗಿ ಉತ್ತರ ಕೊಡಬಹುದು. ಘಟಿಕೋತ್ಸವದಲ್ಲಿ ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳಬೇಕು. ಪ್ರಶ್ನೆ ಕೇಳಲು ಅವಕಾಶವಿಲ್ಲ. ಎದ್ದು ಹೊರಗೆ ಹೋಗೋಣ ಎಂದರೆ ಪದವಿ ತಪ್ಪುತ್ತದೆ. ಇಷ್ಟವಿಲ್ಲದ ಮಾತು ಕೇಳಲು ನಾನು ಹೆದರುವುದಿಲ್ಲ ಸರ್. ಬಾಯಿ ಕಟ್ಟಿ ಕೂರಿಸಿ ಕೇಳಿಸುವುದು ಬೇಡ ಎನ್ನುತ್ತೇನೆ.

ಹಾಗೆ ಬಾಯಿ ಕಟ್ಟಿದಾಗ ಜನ ಬೇರೆ ದಾರಿ ಹುಡುಕುತ್ತಾರೆ. 2019ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಕುಲಾಧಿಪತಿಯಾಗಿದ್ದ ರಾಜ್ಯಪಾಲರ ಕಾರನ್ನೇ ಗೇಟಿನಲ್ಲಿ ತಡೆದರು. ಘಟಿಕೋತ್ಸವ ಅವರಿಲ್ಲದೆ ನಡೆಯಿತು. 2022ರ ಜುಲೈನಲ್ಲಿ ಮಧುರೈ ಕಾಮರಾಜ್ ವಿಶ್ವವಿದ್ಯಾಲಯಕ್ಕೆ ಕೇಂದ್ರ ಸಚಿವ ಎಲ್. ಮುರುಗನ್ ಅವರನ್ನು ಗೌರವ ಅತಿಥಿಯಾಗಿ ಕರೆದರೆಂದು ತಮಿಳುನಾಡಿನ ಉನ್ನತ ಶಿಕ್ಷಣ ಸಚಿವ ಪೊನ್ಮುಡಿ ಘಟಿಕೋತ್ಸವಕ್ಕೇ ಹೋಗಲಿಲ್ಲ. 2025ರ ಆಗಸ್ಟ್‌ನಲ್ಲಿ ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಪಡೆದ ಒಬ್ಬಾಕೆ ರಾಜ್ಯಪಾಲ ಆರ್.ಎನ್. ರವಿ ಅವರನ್ನು ದಾಟಿ ಹೋಗಿ ಕುಲಪತಿಯ ಕೈಯಿಂದ ಪದವಿ ತೆಗೆದುಕೊಂಡರು. ಮೂರರಲ್ಲಿ ಯಾರದು ಸರಿ ಎಂದು ಆಮೇಲೆ ವಾದ ಮಾಡೋಣ. ಆ ದಿನ ಪದವಿ ಪಡೆದ ಉಳಿದ ಮಕ್ಕಳ ಬಗ್ಗೆ ನಾವು ಪತ್ರಿಕೆಯಲ್ಲಿ ಒಂದು ಸಾಲಾದರೂ ಓದಿದೆವಾ? ಅವರು ಬರೆದ ಪ್ರಬಂಧ ಯಾವುದು, ಯಾವ ಊರಿನವರು?

ರಾಜಕಾರಣಿಗಳಲ್ಲೇ ಇದನ್ನು ಅರ್ಥ ಮಾಡಿಕೊಂಡವರಿದ್ದಾರೆ. ಅಮೆರಿಕದ ಮಾಜಿ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ಅವರನ್ನು 2014ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯ ಕರೆದಿತ್ತು. ಇರಾಕ್ ಯುದ್ಧದ ಕಾರಣಕ್ಕೆ ವಿರೋಧ ಬಂತು. ಅವರು ತಾವೇ ಹಿಂದೆ ಸರಿದರು. ಅದು ಪದವಿ ಪಡೆಯುವವರು ಮತ್ತು ಅವರ ಮನೆಯವರು ಸಂತೋಷಪಡಬೇಕಾದ ದಿನ, ತಮ್ಮಿಂದ ಅದು ಕೆಡಬಾರದು ಎಂಬುದು ಅವರು ಕೊಟ್ಟ ಕಾರಣ.

ಕೊಡಗಿನಲ್ಲಿ ಇನ್ನೂ ಜಾಸ್ತಿ ಯೋಚನೆ ಮಾಡಬೇಕು. 2022ರ ಆಗಸ್ಟ್ ನಿಮಗೆ ನೆನಪಿದೆ. ಕಾಂಗ್ರೆಸ್, ಬಿಜೆಪಿ ಎರಡೂ ಪಕ್ಷದವರು ಮಡಿಕೇರಿಯಲ್ಲಿ ಸೇರುತ್ತೇವೆ ಎಂದು ಹೊರಟಾಗ ಜಿಲ್ಲಾಡಳಿತ ನಿಷೇಧಾಜ್ಞೆ ಹಾಕಬೇಕಾಯಿತು. ಸಣ್ಣ ಜಿಲ್ಲೆ ನಮ್ಮದು. ಎಲ್ಲರಿಗೂ ಎಲ್ಲರ ಪಕ್ಷ ಗೊತ್ತು. ಒಂದೇ ಬೆಂಚಿನಲ್ಲಿ ಕೂತು ಓದಿದವರು ಕೊನೆಯ ದಿನ ವೇದಿಕೆ ನೋಡಿ ಎರಡು ಗುಂಪಾಗುವುದು ನನಗೆ ಬೇಡ.

ನಿರ್ಧಾರ ಮಾಡುವವರು ಬಂದು ಮುಖ ನೋಡಿದರೆ ಕೈ ತಡೆಯುತ್ತದೆ ಎಂದಿರಿ. ಈ ಮಾತಿನ ಮುಂದೆ ನಾನು ತುಂಬಾ ಹೊತ್ತು ಕೂತೆ. ಮುಚ್ಚುವ ಪಟ್ಟಿಯಲ್ಲಿ ಹೆಸರಿರುವ ಸಂಸ್ಥೆಗೆ ಹೌದು ಎನ್ನುವ ಶಕ್ತಿ ಇರುತ್ತದೆ, ಬೇಡ ಎನ್ನುವ ಶಕ್ತಿ ಇರುವುದಿಲ್ಲ. ಅಂಥವರು ಕರೆದರೆ ಅದು ಆಹ್ವಾನವಾಗಿ ಉಳಿಯದೆ ಅರ್ಜಿಯಾಗುತ್ತದೆ. ಹಾರ, ಪೇಟ, ಕೆಲವೊಮ್ಮೆ ಗೌರವ ಡಾಕ್ಟರೇಟ್, ಇವೆಲ್ಲ ಅರ್ಜಿಯ ಜೊತೆ ಇಡುವ ಕಾಣಿಕೆ. ಅದನ್ನು ನಮ್ಮ ಮಕ್ಕಳ ಪದವಿಯ ದಿನ, ಅವರನ್ನು ಕೂರಿಸಿಕೊಂಡು ಒಪ್ಪಿಸುವುದು ನನಗೆ ನೋವು ಕೊಡುತ್ತದೆ. 1947ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯಕ್ಕೆ ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ಎಂಬ ಹೆದರಿಕೆ ಇರಲಿಲ್ಲ.

ಕರೆಯಲು ಜನ ಇಲ್ಲವೇ? 1972ರಲ್ಲಿ ದೆಹಲಿಯ ಜೆಎನ್‌ಯು ನಟ ಬಲರಾಜ್ ಸಾಹ್ನಿ ಅವರನ್ನು ಕರೆಯಿತು. ಅವರಿಗೂ ರಾಜಕೀಯ ನಿಲುವು ಗಟ್ಟಿಯಾಗಿಯೇ ಇತ್ತು. ಆದರೆ ಯಾರ ಅನುದಾನವೂ ಅವರ ಕೈಯಲ್ಲಿರಲಿಲ್ಲ. ಆ ಭಾಷಣವನ್ನು ಇವತ್ತಿಗೂ ಜನ ಹುಡುಕಿ ಓದುತ್ತಾರೆ. ನಮ್ಮಲ್ಲೇ ನೋಡಿ. ಉಮ್ಮತ್ತಾಟ್ ಕುಣಿತವನ್ನು ಉಳಿಸಿ ಕಲಿಸಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಹಂಚಿಕೊಂಡ ಅನುವಾದಕಿ ಮಡಿಕೇರಿಯವರು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ, ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಇಲ್ಲಿಯ ಮಣ್ಣು, ಮಳೆ, ಮರಗಳ ಬಗ್ಗೆ ಕೆಲಸ ಮಾಡುವವರಿದ್ದಾರೆ. ಗುಡ್ಡ ಯಾಕೆ ಕುಸಿಯಿತು ಎಂದು ಅಂಥವರೊಬ್ಬರು ಇಪ್ಪತ್ತು ನಿಮಿಷ ಹೇಳಿದರೆ ಶಾಮಿಯಾನದಲ್ಲಿ ಕೂತ ಅಮ್ಮಂದಿರೂ ಕಿವಿಗೊಟ್ಟು ಕೇಳುತ್ತಾರೆ. ಅಲ್ಲ, ಅವರಿಗೆ ಶಾಮಿಯಾನವೇ ಬೇಕಾಗುವುದಿಲ್ಲ. ಒಳಗೇ ಜಾಗ ಸಿಗುತ್ತದೆ.

ರಾಜಕಾರಣಿ ಬರುವುದೇ ಬೇಡ ಎಂದು ನಾನು ಹೇಳುತ್ತಿಲ್ಲ ಸರ್. ಘಟಿಕೋತ್ಸವ ಮುಗಿದ ಮುಂದಿನ ವಾರ ಕರೆಯಿರಿ. ಹಾರ ಬೇಡ. ಒಂದು ಗಂಟೆ ಅವರು ಮಾತಾಡಲಿ, ಒಂದು ಗಂಟೆ ಮಕ್ಕಳು ಪ್ರಶ್ನೆ ಕೇಳಲಿ. ನಾನು ಶಾಲೆಗೆ ರಜೆ ಹಾಕಿ ಬರುತ್ತೇನೆ, ನೀವೂ ಬನ್ನಿ. ಮೊದಲ ಪ್ರಶ್ನೆಯನ್ನು ನೀವೇ ಬರೆದಿಟ್ಟಿದ್ದೀರಿ. ಇಲ್ಲಿ ಬಾಗಿಲು ಮುಚ್ಚಿದರೆ, ಜೋಡುಪಾಲದಲ್ಲಿ ಮತ್ತೆ ಗುಡ್ಡ ಇಳಿದ ದಿನ, ಕುಟ್ಟದ ಹುಡುಗಿ ಕೊಣಾಜೆಗೆ ಹೋಗುವುದು ಯಾವ ದಾರಿಯಲ್ಲಿ?